ಯಾವ ಕೀಲಿಕೈ, ವೈನಿ?

ವೈನಿ, ನೀವು ಆ ಸಿನಿಮಾ ನೋಡಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ನೋಡಿದ್ದೀರಿ ಎಂದು ಹಿರಿಯರ ಮುಂದೆ ವಾದಿಸಿದೆ. ಗೆದ್ದೆ. ನಾಲ್ಕು ವರ್ಷವಾಯಿತು.

ಅಂದು ಮಸ್ಕಿಯಿಂದ ಬಸ್ಸು ಹಿಡಿದು ಸಿಂಧನೂರಿನ ಟಾಕೀಜಿಗೆ ಹೋದವರು ನಾವು ನಾಲ್ವರು — ಅಪ್ಪ, ಅವ್ವ, ಅಣ್ಣ, ನಾನು. ಕಟ್ಟಿಕೊಂಡ ಹೆಂಡತಿಯನ್ನು, ನಿಮ್ಮನ್ನು, ಒಳಗೆ ಬಿಟ್ಟು ಅಣ್ಣ ಬಾಗಿಲಿಗೆ ಕೀಲಿ ಹಾಕಿದ. "ಹಿಡಿ, ನನ್ನ ಕಿಸೆ ಹರದೈತಿ" ಎಂದು ಕೀಲಿಕೈ ನನಗೆ ಕೊಟ್ಟ. ಸಿನಿಮಾ ಹಳೆಯ ಕಾಲದ್ದು, ಗೌಡರ ದೊಡ್ಡ ವಾಡೆಯ ಸೊಸೆಯೊಬ್ಬಳ ಕಥೆ. ಅವಳನ್ನು ಕಾಳಿನ ಕೋಣೆಯಲ್ಲಿ ಕೂಡಿಹಾಕುತ್ತಾರೆ, ಕಾದ ಸೌಟಿನಿಂದ ಬರೆ ಎಳೆಯುತ್ತಾರೆ. ಅವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನಾನೂ ಅತ್ತೆ. ನಮ್ಮ ಮನೆಯ ಕೀಲಿಕೈ ಸುತ್ತಿಟ್ಟಿದ್ದ ಕರ್ಚೀಫಿನಿಂದಲೇ ಕಣ್ಣೊರೆಸಿಕೊಂಡೆ.

ಹೊರಗೆ ಬಂದಮೇಲೆ ಮಾತ್ರ ನನ್ನ ಬುದ್ಧಿ ಚುರುಕಾಯಿತು. "ಅಷ್ಟು ಬಡಿಸಿಕೊಂಡು ಯಾರರ ಇರ್ತಾರೇನು? ಬಾಗಿಲಾ ತೆಗದು ಹೋಗಬೇಕಿಲ್ಲ?" ಎಂದೆ. ಅಣ್ಣ ನಕ್ಕ. "ಶುರು ಮಾಡಿದ್ಳು ನೋಡವ್ವ ನಿನ್ನ ಮಗಳು, ವಕೀಲಿ."

ಹದಿನೈದು ದಿನಕ್ಕೆ ನಿಮ್ಮ ಅಪ್ಪ ಸಾಲಗುಂದದಿಂದ ಬಂದರು. ನಿಮ್ಮನ್ನು ಕರೆದೊಯ್ಯಬೇಕೋ ಬಿಡಬೇಕೋ — ಅಷ್ಟೇ ತೀರ್ಮಾನವಾಗಬೇಕಿತ್ತು. ನಮ್ಮ ಪಡಸಾಲೆಯಲ್ಲಿ ಓಣಿಯ ಹಿರಿಯರು ಕೂತರು. ನೀವು ಕಂಬದ ಪಕ್ಕ ನಿಂತು ಎಡಗೈ ಬಿಚ್ಚಿ ತೋರಿಸಿದಿರಿ.

"ಕಾದ ಹಂಚಿನ ಮ್ಯಾಲ ಒತ್ತಿ ಹಿಡದಾರ್ರಿ ಇವ್ರು. ಎಲ್ಲೆರ ಹೋಗೂದಿದ್ರ ನನ್ನ ಒಳಗ ಹಾಕಿ ಕೀಲಿ ಹಾಕ್ತಾರ್ರಿ."

"ರೊಟ್ಟಿ ಮಾಡೂ ಕೈ ಸುಡದ ಇರ್ತಾವೇನು?" ಎಂದಳು ಅವ್ವ. ಹಿರಿಯರು ನಗಲಿಲ್ಲ. ಅವರು ನಿಮ್ಮ ಕೈಯನ್ನೇ ನೋಡುತ್ತಿದ್ದರು. ಅಣ್ಣ ನನ್ನತ್ತ ನೋಡಿದ. ಅಂದು ಬೆಳಿಗ್ಗೆಯೇ ಹೇಳಿದ್ದ — "ಆಕಿ ಕಡೆ ಮಾತಾಡಿದ್ರ ಲಿಂಗಸುಗೂರಿನ ಬಸ್ ಹತ್ತೂದು ಬಂದ್." ಲಿಂಗಸುಗೂರಿನಲ್ಲಿ ನನ್ನ ಕಾಲೇಜಿತ್ತು, ಚರ್ಚಾಸ್ಪರ್ಧೆಯ ಕಪ್ಪುಗಳಿದ್ದವು. ನಾನು ಅಂಜಿದೆ. ಅಂಜಿದವಳು ಸುಮ್ಮನಾದರೂ ಇರಬಹುದಿತ್ತು —

"ಕೂಡಿಹಾಕೂದು, ಸುಡೂದು — ಇವನ್ನ ಎಲ್ಲಿ ನೋಡೀವಿ ಹೇಳ್ರಿ ಯಜಮಾನ್ರ? ಸಿಂಧನೂರಾಗ ನಡದ ಸಿನಿಮಾದಾಗ ಅದಾವಲ್ಲ?"

ಒಬ್ಬರು ತೊಡೆ ತಟ್ಟಿದರು. "ಖರೇನ. ನಮ್ಮಾಕಿನೂ ನೋಡಿ ಬಂದು ಮೂರು ದಿನಾ ನನಗ ನೀರು ಕೊಟ್ಟಿಲ್ಲ." ಪಡಸಾಲೆ ನಕ್ಕಿತು. ನಿಮ್ಮ ಅಪ್ಪನೂ ತುಸು ನಕ್ಕರು, ಪಾಪ, ಎದುರಿನವರು ನಕ್ಕರೆಂದು.

"ನಾ ನೋಡಿಲ್ರೀ" ಎಂದಿರಿ. ಆಮೇಲೆ ನನ್ನತ್ತ ತಿರುಗಿ, ಮೆಲ್ಲಗೆ: "ಗೌರಿ, ಅವತ್ತ ಕೀಲಿಕೈ ಯಾರ ಹತ್ರ ಇತ್ತು? ನೀನ ಹೇಳು."

ಉತ್ತರ ಕೊಡಲಾಗದ ಪ್ರಶ್ನೆಗೆ ಪ್ರಶ್ನೆಯನ್ನೇ ಹಾಕಬೇಕು. ವೇದಿಕೆಯ ಮೇಲೆ ಕಲಿತದ್ದು.

"ಯಾವ ಕೀಲಿಕೈ, ವೈನಿ?"

ನೀವು ಬಿಚ್ಚಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿರಿ. "ಹೊಂದಕೊಂಡು ಹೋಗವ್ವ" ಎಂದು ನಿಮ್ಮ ಅಪ್ಪ ಚಪ್ಪಲಿ ಮೆಟ್ಟಿದರು. ಸಂಜೆ ಅಣ್ಣ ಅಡುಗೆಮನೆಗೆ ಹೋದ. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅದು ಮತ್ತೆ ಶುರುವಾಗುವವರೆಗೆ ನಾನು ಪುಸ್ತಕದ ಒಂದೇ ಸಾಲನ್ನು ಓದುತ್ತಿದ್ದೆ, ಓದುತ್ತಲೇ ಇದ್ದೆ —

ದೇವರಿಗೂ ಸಾಕ್ಷಿ ಕೇಳುವವಳು ನಾನು. ನಿಮ್ಮ ಅಂಗೈ ಕಣ್ಣೆದುರಿಗಿತ್ತು.

ಆಮೇಲೆ ಎಷ್ಟೋ ವೇದಿಕೆ ಹತ್ತಿದೆ, ಹೆಣ್ಣಿನ ಪರವಾಗಿಯೂ ಮಾತಾಡಿ ಬಹುಮಾನ ತಂದೆ. ಆದರೆ ಲಿಂಗಸುಗೂರಿನ ನನ್ನ ಕೋಣೆಯ ಪಕ್ಕದ ಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತರೆ ಈಗಲೂ ಕೈಯಲ್ಲಿದ್ದ ಕೆಲಸ ಬಿಡುತ್ತೇನೆ. ಕಿವಿಗೊಟ್ಟು ಕಾಯುತ್ತೇನೆ.

ನಿಮ್ಮ ಅಪ್ಪನಿಗೆ ಕಾಗದ ಬರೆದಿದ್ದೇನೆ. ಸೋಮವಾರ ಬರುತ್ತಾರೆ. ಆ ಹಿರಿಯರನ್ನೂ ಕರೆದಿದ್ದೇನೆ. ಅಣ್ಣನಿಗೆ ಇನ್ನೂ ಗೊತ್ತಿಲ್ಲ. ನಿನ್ನೆ ಮಸ್ಕಿಗೆ ಬಂದವಳು, ಅವನು ಹೊರಗೆ ಹೋದ ಹೊತ್ತಿನಲ್ಲಿ, ನೀವು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುವಾಗ, ನಮ್ಮ ಮನೆಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಕೀಲಿಕೈ ನನ್ನ ಹತ್ತಿರ ಇತ್ತು ಎಂದು ಅದೇ ಪಡಸಾಲೆಯಲ್ಲಿ ನಿಂತು ಹೇಳುತ್ತೇನೆ. ನನ್ನನ್ನು ಕ್ಷಮಿಸಬೇಕಾಗಿಲ್ಲ, ವೈನಿ. ನೀವು ಹೊರಟರೆ ಸಾಕು.

ಅಂಗಳದಲ್ಲಿ ಅಣ್ಣನ ಲೂನಾ ಬಂದು ನಿಂತಿತು. ಅವನು ಒಳಗೆ ಹೋದ.

ರೊಟ್ಟಿಯ ಸಪ್ಪಳ ನಿಂತಿದೆ.

ಪೆನ್ನು ಕೆಳಗಿಡುತ್ತಿದ್ದೇನೆ. ಬಂದೆ, ವೈನಿ.