ಬಣ್ಣದ ರಾಯರ ಕೆಂಪು ಗುರುತು

ಹೋದ ವಾರ ಮೊಮ್ಮಗಳ ಸೀರೆಗೆ ಬೇರೆ ಬಟ್ಟೆಯ ಬಣ್ಣ ಹತ್ತಿತ್ತು. ಅದನ್ನು ತೆಗೆಸಲು ಕಲಬುರ್ಗಿಯ ಜಗತ್ ಸರ್ಕಲ್ ಹತ್ತಿರದ ಬಣ್ಣದ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಬಿಸಿನೀರಿನ ಬಕೆಟ್ಟಿಗೆ ಒಂದು ಚಮಚ ಬಿಳಿ ಪುಡಿ ಹಾಕಿ ಕೋಲಿನಿಂದ ತಿರುವಿದ. ಕಡ್ಡಿ ಗೀರಿದ ಕೂಡಲೇ ಮೂಗಿಗೆ ಬಡಿಯುತ್ತದಲ್ಲ, ಅಂಥ ಗಂಧಕದ ವಾಸನೆ ಎದ್ದಿತು. ನಾನು ಹೊರಗೆ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ.

"ಏನಾತು ಆಯಿ?" ಎಂದು ಮೊಮ್ಮಗಳು ಗಾಬರಿಯಾದಳು. ಏನಿಲ್ಲ ಎಂದೆ. ಆ ವಾಸನೆಗೆ ನನಗೆ ಮೊದಲು ನೆನಪಾಗಬೇಕಾದವರು ನನ್ನ ಗಂಡ. ಆದರೆ ನೆನಪಾದವರು ಬಣ್ಣದ ರಾಯರು...

ಅದು ನಿಜಾಮರ ಕಾಲ. ನಾವು ಕಮಲಾಪುರದಲ್ಲಿದ್ದೆವು. ನಮ್ಮದು ನೂಲಿಗೆ ಬಣ್ಣ ಹಾಕುವ ಮನೆ. ಸುತ್ತಲಿನ ನೇಕಾರರು ನೂಲಿನ ಲಡಿಗಳನ್ನು ತಂದು ಕೊಡುತ್ತಿದ್ದರು. ನಮ್ಮ ಮನೆಯವರು ಹಿತ್ತಲಿನ ದೊಡ್ಡ ಬಾನಿಗಳಲ್ಲಿ ಅದ್ದಿ, ಹಿಂಡಿ, ಒಣಗಿಸಿ ಕೊಡುತ್ತಿದ್ದರು. ನಾನೂ ಅವರ ಜೊತೆಗೇ ಕೆಲಸ ಮಾಡುತ್ತಿದ್ದೆ. ಆಗ ನನ್ನ ಕೈ ಮೊಣಕೈವರೆಗೂ ನೀಲಿ. ಮಗಳಿಗೆ ಮೊಲೆ ಕೊಡುವಾಗ ಅವಳ ಕೆನ್ನೆಗೂ ನೀಲಿ ಹತ್ತುತ್ತಿತ್ತು.

ಬಣ್ಣದ ಸಾಮಾನು ಬರುತ್ತಿದ್ದದ್ದು ಕಲಬುರ್ಗಿಯ ರಾಯರ ಅಂಗಡಿಯಿಂದ. ಅವರು ಮರಾಠಿಯನ್ನೂ ಕನ್ನಡವನ್ನೂ ಒಂದೇ ಉಸಿರಿನಲ್ಲಿ ಆಡುವ ಮನೆತನದವರು. ಪುಣೆಯಲ್ಲಿ ರಸಾಯನಶಾಸ್ತ್ರ ಓದಿ ಬಂದವರು ನೌಕರಿ ಹಿಡಿಯದೆ ಬಣ್ಣದ ಅಂಗಡಿ ಇಟ್ಟದ್ದಕ್ಕೆ ಅವರ ತಂದೆ ಬಹಳ ದಿನ ಮಾತು ಬಿಟ್ಟಿದ್ದರಂತೆ. ತೆಳ್ಳಗೆ, ಎತ್ತರಕ್ಕೆ ಇದ್ದರು. ತಲೆಯ ಮೇಲೆ ಕರಿ ಟೋಪಿ, ಮೂಗಿನ ಮೇಲೆ ಸದಾ ಜಾರುವ ಕನ್ನಡಕ. ಸಾಮಾನಿನ ಜೊತೆ ತಾವೂ ಗಾಡಿ ಹತ್ತಿ ಬಂದುಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಬೇಯಿಸಿದ್ದನ್ನು ಉಣ್ಣುತ್ತಿರಲಿಲ್ಲ, ಅವರ ಮಡಿ ಅವರಿಗೆ. ಆದರೆ ಕಮಲಾಪುರದ ಕೆಂಪು ಬಾಳೆಹಣ್ಣು ಕೊಟ್ಟರೆ ಹಿತ್ತಲಿನಲ್ಲಿ ನಿಂತೇ ತಿಂದು, "ಇದರ ಸಲುವಾಗೇ ನಾ ಈ ಊರಿಗೆ ಬರ್ತೀನಿ ನೋಡ್ರಿ" ಎಂದು ನಗುತ್ತಿದ್ದರು.

ಆಗ ಪರದೇಶದಿಂದ ಬರುವ ಡಬ್ಬಿಗಳ ಮೇಲಿನ ಬರಹ ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೆಲವು ಅಂಗಡಿಗಳವರು ಉರ್ದುವಿನಲ್ಲಿ ಚೀಟಿ ಅಂಟಿಸುತ್ತಿದ್ದರು, ಅದನ್ನೂ ಓದುವವರು ಬೇಕಲ್ಲ. ಯಾವುದೋ ಊರಿನಲ್ಲಿ ಹೆಂಗಸೊಬ್ಬಳು ಬಣ್ಣ ಕಚ್ಚಿಸುವ ವಿಷದ ಪುಡಿಯನ್ನು ಸೋಡಾ ಎಂದು ತಿಳಿದು ಹಿಟ್ಟಿಗೆ ಹಾಕಿದ್ದಳಂತೆ. ಆ ಸುದ್ದಿ ಕೇಳಿದ ಮೇಲೆ ರಾಯರು ಸುಮ್ಮನೆ ಕೂಡಲಿಲ್ಲ. ಅಂಗಡಿಯ ಸಾಮಾನನ್ನೆಲ್ಲ ಅದು ಮಾಡುವ ಕೇಡಿನ ಪ್ರಕಾರ ಬೇರೆ ಬೇರೆ ಮಾಡಿ, ಡಬ್ಬಿಗಳ ಮೇಲೆ ಅಂಗೈ ಅಗಲದ ಗುರುತು ಹಾಕಿದರು. ಹೊಟ್ಟೆಗೆ ಹೋದರೆ ಕೊಲ್ಲುವುದಕ್ಕೆ ಕರಿ ಗುರುತು. ತೇಜಾಬು, ಕಾಸ್ಟಿಕ್ಕಿನಂತೆ ಮೈ ಸುಡುವುದಕ್ಕೆ ಹಳದಿ. ಬೆಂಕಿ ಹತ್ತುವುದಕ್ಕೆ ಕೆಂಪು. ಊರೂರಿಗೆ ಹೋಗಿ ನೇಕಾರರನ್ನು ಕೂಡಿಸಿ ಹೇಳಿಕೊಟ್ಟರು. ಕರಿ ಇದ್ದದ್ದನ್ನು ಅಡಿಗೆಮನೆಗೆ ಒಯ್ಯಬೇಡಿ, ಹಳದಿ ಮೈಮೇಲೆ ಬಿದ್ದರೆ ನೀರಿನಿಂದ ತೊಳೆಯಿರಿ, ಕೆಂಪಿಗೆ ದೀಪ ತೋರಿಸಬೇಡಿ, ಹತ್ತಿಕೊಂಡರೆ ನೀರು ಸುರಿಯಿರಿ.

ಬೇರೆ ಯಾವ ಅಂಗಡಿಯವರೂ ಇಷ್ಟು ಮಾಡಿರಲಿಲ್ಲ. ನಮ್ಮ ಮನೆಯವರಿಗಂತೂ ರಾಯರ ಗುರುತು ಎಂದರೆ ದೇವರ ಮುಂದಿನ ಭಂಡಾರದ ಅರಿಷಿಣವಿದ್ದಂತೆ.

ಆಮೇಲೆ ಹೊಸ ನೀಲಿ ಬಂತು. ಅದನ್ನು ಕರಗಿಸಲು ಒಂದು ಬಿಳಿ ಪುಡಿ ಬೇಕು. ಹೈಡ್ರೋಸ್ ಎನ್ನುತ್ತಿದ್ದರು. ಅದನ್ನು ಬಾನಿಯ ನೀರಿಗೆ ಹಾಕಿದರೆ ನೀಲಿ ಹೋಗಿ ನೀರು ಹಳದಿಯಾಗುತ್ತಿತ್ತು. ಅದರಲ್ಲಿ ಅದ್ದಿದ ನೂಲನ್ನು ಎತ್ತಿ ಗಾಳಿಗೆ ಹಿಡಿದರೆ ನಮ್ಮ ಕಣ್ಣೆದುರಿಗೇ ಮತ್ತೆ ನೀಲಿಯಾಗುತ್ತಿತ್ತು. ಅದನ್ನು ಮೊದಲ ಸಲ ಕಂಡಾಗ ನಾನು ಕೈಮುಗಿದಿದ್ದೆ.

ಈ ಪುಡಿಯನ್ನು ಯಾವ ಗುಂಪಿಗೆ ಸೇರಿಸಬೇಕು ಎಂದು ರಾಯರು ಪರೀಕ್ಷೆ ಮಾಡಿದ್ದರು. ಕಾದ ಹಂಚಿನ ಮೇಲೆ ಚಿಟಿಕೆ ಉದುರಿಸಿದರು. ಹತ್ತಿಕೊಂಡಿತು. ಮೇಲೆ ತಂಬಿಗೆ ನೀರು ಸುರಿದರು. ಆರಿತು. ಡಬ್ಬಿಯ ಮೇಲೆ ಒಣ ಜಾಗದಲ್ಲಿಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತಂತೆ. ತೇವಕ್ಕೆ ಪುಡಿ ಕೆಡುತ್ತದೆ, ಅದಕ್ಕೇ ಹೀಗೆ ಬರೆದಿದ್ದಾರೆ ಎಂದುಕೊಂಡರು. ಕೆಂಪು ಗುರುತು ಹಾಕಿ ನಮ್ಮ ಮನೆಗೆ ಕಳಿಸಿದರು.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಸಾಮಾನಿನ ಕೋಣೆ ಸೋರಿತು. ಆ ಪುಡಿಯ ದೊಡ್ಡ ಡಬ್ಬಿಯ ಮುಚ್ಚಳ ಸಡಿಲಾಗಿದ್ದದ್ದನ್ನು ನಾವು ನೋಡಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುವಾಗ ಕೋಣೆಯಿಂದ ಹೊಗೆ ಬರುವುದು ಕಂಡಿತು. ಮನೆಯವರು ಓಡಿದರು. ಅದೇ ಕೋಣೆಯಲ್ಲಿ ಮದುವೆ ಸೀರೆಗಳಿಗೆಂದು ನೇಕಾರರು ಕೊಟ್ಟ ನೂಲೂ ಇತ್ತು. ಬಾಗಿಲಲ್ಲಿ ನಿಂತು ನೋಡಿದವರೇ, "ಕೆಂಪ ಗುರ್ತಿಂದು ಹೊಗ್ಯಾಡಾಕತ್ತೈತಿ, ನೀರ ತಾ" ಎಂದು ಕೂಗಿದರು. ನಾನು ಕೊಡ ತಂದು ಕೈಗೆ ಕೊಟ್ಟೆ. ಒಳಗೆ ಹೋಗಿ ಡಬ್ಬಿಯೊಳಕ್ಕೆ ಸುರಿದರು.

ಹಾವು ಬುಸುಗುಟ್ಟಿದಂಥ ಸದ್ದಾಯಿತು. ಉರಿ ಮಾಳಿಗೆಯ ತೊಲೆಯವರೆಗೂ ಎದ್ದಿತು. ಅದಕ್ಕಿಂತ ಕೆಟ್ಟದ್ದು ಹೊಗೆ... ಬಿಳಿ ಹೊಗೆ ಕೋಣೆ ತುಂಬಿ, ಅವರು ಎಲ್ಲಿದ್ದಾರೆ ಎಂಬುದೇ ಕಾಣಲಿಲ್ಲ. ನೆರೆಯವರು ಒದ್ದೆ ಕಂಬಳಿ ಹೊದ್ದು ಒಳಗೆ ನುಗ್ಗಿ ಎಳೆದು ತಂದರು. ಮೈ ಹೆಚ್ಚು ಸುಟ್ಟಿರಲಿಲ್ಲ, ಸುಟ್ಟದ್ದು ಒಳಗೆ. ಉಸಿರು ಎಳೆದರೆ ಹರಿದ ತಿದಿಯಂತೆ ಸದ್ದು ಬರುತ್ತಿತ್ತು.

ಸುದ್ದಿ ಮುಟ್ಟಿದ ಕೂಡಲೇ ರಾಯರು ಡಾಕ್ಟರನ್ನು ಕರೆದುಕೊಂಡೇ ಬಂದರು. ಡಾಕ್ಟರು ಒಳಗೆ ನೋಡುತ್ತಿದ್ದಾಗ ರಾಯರು ಸುಟ್ಟ ಕೋಣೆಯ ಮುಂದೆ ನಿಂತು ನನ್ನನ್ನು ಕೇಳಿದರು.

"ತಂಗೀ, ದೀಪ ಇತ್ತೇನು ಒಳಗ?"

"ಇದ್ದಿಲ್ರಿ. ಹಾಡಹಗಲು."

"ಮತ್ತ ಹೆಂಗ ಹತ್ತಿತು? ಏನ್ ಹಾಕಿದ್ರಿ ಅದಕ್ಕ?"

"ಮ್ಯಾಲಿಂದ ಸೋರಿತ್ರಿ. ಹೊಗಿ ಬಂತು. ನಿಮ್ಮ ಕೆಂಪ ಗುರ್ತ ನೋಡಿ ನೀರ ಹಾಕ್ಯಾರ್ರಿ."

ನಾನು ಸಿಟ್ಟಿನಿಂದ ಹೇಳಲಿಲ್ಲ. ಆಗ ಸಿಟ್ಟು ಮಾಡಲೂ ನನ್ನಲ್ಲಿ ಶಕ್ತಿ ಇರಲಿಲ್ಲ, ನಡೆದದ್ದನ್ನು ಹೇಳಿದೆ. ರಾಯರ ಕಣ್ಣು ಸೋರಿದ ಮಾಳಿಗೆಯ ಕಡೆ ಹೋಯಿತು, ಅಲ್ಲಿಂದ ಡಬ್ಬಿಗೆ ಬಂತು. ಒಣ ಜಾಗ... ಒಣ ಜಾಗ... ಎಂದು ತಮ್ಮಷ್ಟಕ್ಕೆ ಅಂದರು. ಆಮೇಲೆ ಆ ಬೂದಿಯಲ್ಲೇ ಕೂತುಬಿಟ್ಟರು.

ಸಿಟ್ಟು ಆಮೇಲೆ ಬಂತು. ರಾತ್ರಿಯಿಡೀ ಗಂಡನ ಉಸಿರಿನ ಸದ್ದು ಕೇಳುತ್ತ ಕೂತವಳಿಗೆ ಬರದೆ ಏನು ಮಾಡುತ್ತದೆ? ಆದರೆ ರಾಯರು ಆ ಸಿಟ್ಟಿಗೆ ಜಾಗವನ್ನೇ ಬಿಡಲಿಲ್ಲ. ನಾನು ಮನಸ್ಸಿನಲ್ಲಿ ಏನೇನು ಬೈದಿದ್ದೆನೋ ಅದನ್ನೆಲ್ಲ ಅವರು ತಮಗೆ ತಾವೇ ಬೈದುಕೊಂಡಾಗಿತ್ತು. ಊರ ಹಿರಿಯರು ಹಣೆಬರಹ ಎಂದರು. "ಹಣೆಬರಹ ಅಲ್ರಿ, ಡಬ್ಬಿ ಬರಹ. ಬರದಾವ ನಾನು" ಎಂದರು ರಾಯರು.

ಕೆಲವು ದಿನ ಬಿಟ್ಟು ಮತ್ತೆ ಬಂದರು. ಅಂಗಡಿಯ ಎಲ್ಲ ಗುರುತುಗಳನ್ನೂ ಕೆರೆದು ತೆಗೆಯುತ್ತೇನೆ, ಅರ್ಧ ತಿಳಿದವನು ಹೇಳಿಕೊಡಬಾರದು ಎಂದರು. ಮನೆಯವರು ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಾಗಿತ್ತು.

"ತೆಗೀಬ್ಯಾಡ್ರಿ ರಾಯರ," ಎಂದರು. "ಕರಿ ಗುರ್ತ ನೋಡಿ ನನ್ನ ಮಗಳನ್ನ... ಡಬ್ಬಿ ಹಂತ್ಯಾಕಿಂದ ಎತ್ತಿಕೊಂಡೀನಿ. ಅದು ಸುಳ್ಳೇನು? ಒಂದು ಗುರ್ತ ಕಮ್ಮಿ ಬಿತ್ತು. ಅದನ್ನ ಹಾಕ್ರಿ."

ರಾಯರು ಅಳುವುದನ್ನು ನಾನು ಕಂಡದ್ದು ಆವತ್ತೇ. ಹೋಗುವಾಗ ಬಾಳೆಹಣ್ಣು ಕೊಡಹೋದೆ. ಕೈ ಹಿಂದಕ್ಕೆ ತೆಗೆದುಕೊಂಡರು. ಮುಂದೆ ಎಂದೂ ನಮ್ಮ ಮನೆಯಲ್ಲಿ ಅವರು ಏನನ್ನೂ ಮುಟ್ಟಲಿಲ್ಲ.

ಆ ಒಂದು ಗುರುತು ಹುಡುಕುವುದು ನಮ್ಮ ಹಿತ್ತಲಿನಲ್ಲೇ ನಡೆಯಿತು. ಮಳೆ ಹೊಳವಾದ ಮೇಲೆ ರಾಯರು ಒಂದು ಸಣ್ಣ ಡಬ್ಬಿ ತಂದರು. ಮನೆಯವರ ಹೊರಸನ್ನು ದೂರ, ಗಾಳಿ ಬರುವ ದಿಕ್ಕಿಗೆ ಹಾಕಿಸಿದರು. ನೀರು ತುಂಬಿದ ಬಾನಿಗೆ ಒಂದು ಹಿಡಿ ಪುಡಿ ಹಾಕಿದರು, ಕರಗಿತು, ಏನೂ ಆಗಲಿಲ್ಲ. ಅದನ್ನು ನಾವು ದಿನಾ ಮಾಡುತ್ತಿದ್ದೆವು. ಆಮೇಲೆ ಕಲ್ಲಿನ ಮೇಲೆ ಪುಡಿ ಗುಡ್ಡೆ ಮಾಡಿ ಮೇಲೆ ಒಂದಿಷ್ಟು ನೀರು ಚಿಮುಕಿಸಿ ದೂರ ಸರಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗುಡ್ಡೆ ನಡುವೆ ಕುಸಿಯಿತು, ಹೊಗೆಯಾಡಿತು, ಆ ವಾಸನೆ ಬಂತು, ಭಗ್ ಎಂದು ಹತ್ತಿತು. ಹಂಚಿನ ಮೇಲೆ ಚಿಟಿಕೆ ಪುಡಿಗೆ ತಂಬಿಗೆ ನೀರು ಸುರಿದಿದ್ದರು, ಅದಕ್ಕೇ ಆವತ್ತು ಆರಿತ್ತು. ನೀರಿಗೆ ಪುಡಿ ಹಾಕುವುದು ಬೇರೆ, ಪುಡಿಗೆ ನೀರು ಹಾಕುವುದು ಬೇರೆ. ಅಷ್ಟೇ ಅಂತರ. ಆ ಅಂತರದಲ್ಲಿ ನಮ್ಮ ಸಂಸಾರ ಬಿದ್ದಿತ್ತು.

"ಒಂದು ವಸ್ತುವಿಗೆ ಒಂದೇ ದೋಷ ಇರ್ತದ ಅಂತ ತಿಳಿದಿದ್ದೆ," ಎಂದರು ರಾಯರು. "ಇದು ಉರೀತದ, ನೀರು ಹನಿಸಿದ್ರ ಹತ್ತಿಕೋತದ, ಇದರ ಹೊಗಿ ಕೊಲ್ತದ. ಮೂರೂ ಹೌದು. ನಾ ಒಂದೇ ಗುಂಪಿಗೆ ತುರುಕಿಬಿಟ್ಟೆ."

ಕೆಂಪಿನ ಜೊತೆ ಕರಿಯನ್ನೂ ಹಾಕುವುದಾಯಿತು. ನೀರು ಬೇಡ ಎಂಬುದನ್ನು ಹೇಳುವುದು ಹೇಗೆ? ಇನ್ನೊಂದು ಬಣ್ಣ ಹಾಕಿದರೆ ಯಾರು ನೆನಪಿಟ್ಟುಕೊಳ್ಳುತ್ತಾರೆ? ರಾಯರು ನೆಲದ ಮೇಲೆ ಏನೇನೋ ಬರೆದು ಅಳಿಸುತ್ತಿದ್ದರು.

"ಕೊಡ ಬೋರಲ ಹಾಕ್ರಿ," ಎಂದೆ. "ಬೋರಲ ಬಿದ್ದ ಕೊಡ ಕಂಡ್ರ ಯಾವ ಹೆಣ್ಮಗಳೂ ಅದನ್ನ ತುಂಬ್ಕೊಂಡು ಬರಾಕ ಹೋಗಂಗಿಲ್ಲ. ಅಶುಭ ಅಂತ ಎಲ್ಲಾರಿಗೂ ಗೊತ್ತದ."

ರಾಯರು ಹಾಗೇ ಬರೆದರು. ಒಂದೇ ಡಬ್ಬಿಯ ಮೇಲೆ ಕೆಂಪು, ಕರಿ, ಬೋರಲು ಕೊಡ. ಮಾರಿದ ಮನೆಮನೆಗೂ ಹೋದರು. ಕುಸನೂರಿನಿಂದ ಶರಣಸಿರಸಗಿಯವರೆಗೆ ಯಾರ ಮನೆಯಲ್ಲಿ ಆ ಪುಡಿ ಇತ್ತೋ ಅಲ್ಲೆಲ್ಲ ಕೂತು ಗುರುತು ಬರೆದರು. ಹೊಗೆ ಬಂದರೆ ಮುಟ್ಟಬೇಡಿ, ನೀರು ಚಿಮುಕಿಸಬೇಡಿ, ಮಕ್ಕಳನ್ನು ಎತ್ತಿಕೊಂಡು ಗಾಳಿಗೆ ಎದುರಾಗಿ ಓಡಿ ಎಂದು ಹೇಳಿಕೊಟ್ಟರು. ಹೇಳುವಾಗಲೆಲ್ಲ, ನಾನು ತಪ್ಪು ಬರೆದದ್ದಕ್ಕೆ ಕಮಲಾಪುರದಲ್ಲಿ ಹೀಗಾಯಿತು ಎಂದೇ ಸುರು ಮಾಡುತ್ತಿದ್ದರಂತೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಅದರಿಂದ ಅವರ ಅಂಗಡಿ ಸೊರಗಿತು. ಮೂರು ಗುರುತಿನ ಡಬ್ಬಿಯನ್ನು ಮನೆಗೆ ಒಯ್ಯಲು ಜನ ಹೆದರಿದರು. ಅದೇ ಪುಡಿ ಎದುರಿನ ಅಂಗಡಿಯಲ್ಲಿ ಗುರುತಿಲ್ಲದೆ ಸಿಗುತ್ತಿತ್ತಲ್ಲ, ಅಲ್ಲಿಗೆ ಹೋದರು. ರಾಯರ ಹೆಂಡತಿ ಒಮ್ಮೆ ನನ್ನ ಮುಂದೆ ಕಣ್ಣೀರು ಹಾಕಿದರು. "ಊರಿಗೆಲ್ಲಾ ತಾವೇ ಡಂಗುರ ಹೊಡೀತಾರ. ಇನ್ನ ಯಾರ ಬರ್ತಾರ ನಮ್ಮ ಅಂಗಡಿಗೆ?" ಎಂದರು.

ನಮ್ಮ ಮನೆಯವರು ಚಳಿಗಾಲ ದಾಟಲಿಲ್ಲ. ಮಣ್ಣಿಗೆ ರಾಯರೂ ಬಂದಿದ್ದರು, ದೂರ ಬೇಲಿಯ ಹತ್ತಿರ ನಿಂತಿದ್ದರು. ನಾನು ಬಾನಿಗಳನ್ನು ಮಾರಿ ಮಗಳನ್ನು ಕಟ್ಟಿಕೊಂಡು ಕಲಬುರ್ಗಿಯ ಅಣ್ಣನ ಮನೆಗೆ ಬಂದೆ. ವರ್ಷಗಳು ಹೋದಂತೆ ನನ್ನ ಸಿಟ್ಟು ಇಳಿಯಿತು. ಬಜಾರಿನಲ್ಲಿ ರಾಯರು ಕಂಡರೆ ನಾನೇ ನಿಂತು ಮಾತಾಡಿಸುತ್ತಿದ್ದೆ. ಅವರು ಮಾತ್ರ ನನ್ನ ಕಾಲಿನ ಕಡೆ ನೋಡಿಕೊಂಡೇ ಉತ್ತರ ಕೊಡುತ್ತಿದ್ದರು. ನನ್ನ ದುಃಖಕ್ಕೆ ವಯಸ್ಸಾಯಿತು, ಅವರ ತಪ್ಪಿಗೆ ಆಗಲಿಲ್ಲ. ನೊಂದವಳು ನಾನು, ನಾನು ನಗುತ್ತಿದ್ದೇನೆ, ಇವರು ನಗುವುದಿಲ್ಲವಲ್ಲ ಎಂದು ನನಗೇ ಅಳುಕಾಗುತ್ತಿತ್ತು.

ನಿಜಾಮರ ರಾಜ್ಯದ ಕಡೆಯ ದಿನಗಳಲ್ಲಿ ಗಲಾಟೆ ಎದ್ದಿತು. ಅನೇಕರು ಮನೆಗೆ ಕೀಲಿ ಹಾಕಿ ಗಡಿಯಾಚೆಯ ಸೊಲ್ಲಾಪುರದ ಕಡೆ ಹೊರಟರು. ರಾಯರೂ ಹೊರಟರು. ಹೋಗುವ ಮುಂಚೆ ಅಣ್ಣನ ಮನೆಯ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ತಂಗೀ, ಒಂದು ಮಾತು ಕೇಳ್ತೀನಿ. ಖರೆ ಹೇಳಬೇಕು."

"ಕೇಳ್ರಿ."

"ಅವತ್ತ ಆ ಡಬ್ಬಿ ಮ್ಯಾಲ ನಾ ಏನೂ ಬರೀದೇ ಇದ್ದಿದ್ರ... ಅವರು ಏನ್ ಮಾಡ್ತಿದ್ರು?"

ಅದನ್ನು ನಾನು ಎಷ್ಟೋ ಸಲ ನನಗೇ ಕೇಳಿಕೊಂಡಿದ್ದೆ. ಗುರುತಿಲ್ಲದ ಡಬ್ಬಿಗೆ ನಮ್ಮ ಮನೆಯವರು ಬಹಳ ಹೆದರುತ್ತಿದ್ದರು, ಕೈ ಹಚ್ಚುತ್ತಲೇ ಇರಲಿಲ್ಲ. ರಾಯರು ಖರೆ ಕೇಳಿದ್ದರು.

"ಹೊರಗ ಓಡಿ ಬರ್ತಿದ್ರು ಅನಸ್ತದ್ರಿ," ಎಂದೆ.

ಅವರು ತಲೆ ಎತ್ತಿ, ಅಷ್ಟು ವರ್ಷಗಳ ಮೇಲೆ, ನನ್ನ ಮುಖ ನೋಡಿದರು. "ಎಲ್ಲಾರೂ ಸಮಾಧಾನ ಹೇಳಿದ್ರು. ನೀ ಒಬ್ಬಾಕಿ ಖರೆ ಹೇಳ್ದಿ," ಎಂದರು. ಕೈಮುಗಿದು ಇಳಿದು ಹೋದರು. ಅವರ ಬೆನ್ನು ಸ್ವಲ್ಪ ನೆಟ್ಟಗಾದಂತೆ ಕಂಡಿತು. ಅಥವಾ ಹಾಗೆ ಕಾಣಲಿ ಎಂದು ನಾನೇ ಬಯಸಿದ್ದೆನೋ...

ಅವರು ಸೊಲ್ಲಾಪುರದಲ್ಲೇ ತೀರಿಕೊಂಡ ಸುದ್ದಿ ಬಹಳ ತಡವಾಗಿ, ಯಾರದೋ ಮದುವೆಯ ಪಂಕ್ತಿಯಲ್ಲಿ ಕೂತಾಗ ಕಿವಿಗೆ ಬಿತ್ತು. ಆವತ್ತು ಮನೆಗೆ ಬಂದ ಮೇಲೆ ನಾನು ರಾಯರಿಗೆ ಹೇಳಿದ್ದು ಪೂರ್ತಿ ಖರೆಯಲ್ಲ ಎಂಬುದು ಹೊಳೆಯಿತು. ನನ್ನ ಗಂಡ ಹೊರಗೆ ಓಡಿ ಬರುತ್ತಿದ್ದರು, ಹೌದು. ಆದರೆ ಹೊರಗೇ ನಿಲ್ಲುತ್ತಿರಲಿಲ್ಲ. ಒಳಗೆ ಬೇರೆಯವರ ನೂಲಿತ್ತು, ಯಾರದೋ ಮಗಳ ಮದುವೆ ಸೀರೆಯ ನೂಲು. ಅದನ್ನು ಬಿಟ್ಟು ನಿಲ್ಲುವ ಮನುಷ್ಯ ಅವರಲ್ಲ. ಅವರ ಜೊತೆ ಸಂಸಾರ ಮಾಡಿದವಳು ನಾನು, ಆ ಮಾತು ಅಣ್ಣನ ಮನೆಯ ಬಾಗಿಲಲ್ಲಿ ನನ್ನ ಬಾಯಿಗೆ ಬರಬೇಕಿತ್ತು. ಬರಲಿಲ್ಲ.

ಈಗ ಮಗಳ ಮನೆಯಲ್ಲಿದ್ದೇನೆ. ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ ಒಮ್ಮೊಮ್ಮೆ ಆ ಮಾತನ್ನು ಗಟ್ಟಿಯಾಗಿ ಆಡಿ ನೋಡುತ್ತೇನೆ. "ಅವರು ಹೆಂಗಿದ್ರೂ ಒಳಗ ಹೋಗ್ತಿದ್ರು ರಾಯರ, ನಿಮ್ಮಿಂದಲ್ಲ" ಎನ್ನುತ್ತೇನೆ. ಅದನ್ನು ಕೇಳಬೇಕಾದವರು ಮಾತ್ರ ಇಲ್ಲ.