ಅರ್ಧ ಟ್ರೋಫಿ

ನಮ್ಮ ಮಗಳು ಬ್ಯಾಡ್ಮಿಂಟನ್ ಯಾಕೆ ಆಡುತ್ತಾಳೆ ಎಂಬುದು ಅವಳನ್ನು ಕೇಳದೆಯೇ ನಮಗೆಲ್ಲ ಗೊತ್ತಿತ್ತು. ಮುಂದೆ ಕಾಲೇಜು ಅಡ್ಮಿಶನ್ನಿಗೆ ಒಳ್ಳೆಯದು ಎಂದು ನಾನು. ಅಷ್ಟು ಹೊತ್ತಾದರೂ ಫೋನ್ ಬಿಟ್ಟಿರುತ್ತಾಳಲ್ಲ ಎಂದು ಹೆಂಡತಿ. ಶಿಸ್ತು, ಗುರಿ, ಛಲ ಎಂದು ಕೋಚ್.

ಹದಿಮೂರು ವರ್ಷದ ಅವಳು ಆಡುತ್ತಿದ್ದದ್ದು ಡಬಲ್ಸ್. ಜೊತೆಗಾತಿ ಡಲ್ಲಾಸ್ ಕಡೆಯ ಮೆಕಿನ್ನಿಯ ಹುಡುಗಿ. ನಾವಿದ್ದದ್ದು ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ, ಹಾಗಾಗಿ ಇಬ್ಬರ ಭೇಟಿ ಟೂರ್ನಮೆಂಟುಗಳಲ್ಲಿ ಮಾತ್ರ. ಗೆದ್ದರೂ ನಗುತ್ತಿದ್ದರು, ಸೋತರೂ ನಗುತ್ತಿದ್ದರು. ಸೋತು ನಗುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೈಸೂರಿನಲ್ಲಿ ರ‍್ಯಾಂಕಿಗಾಗಿ ಓದಿ ಬೆಳೆದವನು ನಾನು. ಇಬ್ಬರು ಸೇರಿ ಫಸ್ಟ್ ಬರುವುದು ನನ್ನ ತಲೆಗೆ ಹತ್ತುವುದಿಲ್ಲ. ಅರ್ಧ ಟ್ರೋಫಿ ಬೇರೆಯವರ ಮನೆಗೆ ಹೋಗುತ್ತದಲ್ಲ! ಹಾಗಾಗಿ ಹ್ಯೂಸ್ಟನ್ ಟೂರ್ನಮೆಂಟಿಗೆ ಬರೀ ಸಿಂಗಲ್ಸ್‌ಗೆ ಅವಳ ಹೆಸರು ಕೊಟ್ಟೆ. ಡ್ರೈವ್ ಮಾಡುತ್ತಾ ದಾರಿಯುದ್ದಕ್ಕೂ ಏಕಾಗ್ರತೆಯ ಬಗ್ಗೆ ಹೇಳಿದೆ. ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಏಕಾಗ್ರತೆಯಿಂದ ಕೂತಿದ್ದಳು.

ಮೊದಲ ಸುತ್ತಿನಲ್ಲೇ, ನಾನು ಕುರ್ಚಿ ಹುಡುಕಿ ಕೂರುವಷ್ಟರಲ್ಲಿ, ಸೋತಳು. ಬೆವರೂ ಬಂದಿರಲಿಲ್ಲ. ಬ್ಯಾಗ್ ಎತ್ತಿಕೊಂಡು ನೇರ ಇನ್ನೊಂದು ಕೋರ್ಟಿನ ಪಕ್ಕ ಹೋಗಿ ಕೂತಳು. ಅಲ್ಲಿ ಮೆಕಿನ್ನಿಯ ಹುಡುಗಿ ಹೊಸ ಜೊತೆಗಾತಿಯೊಂದಿಗೆ ಡಬಲ್ಸ್ ಆಡಲು ಸಿದ್ಧಳಾಗುತ್ತಿದ್ದಳು.

“ಯಾಕೆ ಹಿಂಗಾಡಿದೆ?” ಎಂದೆ.

ನಮ್ಮ ಮನೆಯಲ್ಲಿ ಪ್ರಶ್ನೆ ಕನ್ನಡದಲ್ಲಿ, ಉತ್ತರ ಇಂಗ್ಲಿಷಿನಲ್ಲಿ. ಸಿಂಗಲ್ಸ್‌ನಲ್ಲಿ ಮಾತಾಡಲು ಯಾರೂ ಇರುವುದಿಲ್ಲ, ಈ ಸೀಸನ್ ಮುಗಿದ ಮೇಲೆ ಬ್ಯಾಡ್ಮಿಂಟನ್ ಬಿಟ್ಟುಬಿಡುತ್ತೇನೆ ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

“ಆಡೋದು ಮಾತಾಡೋಕಾ?” ಎಂದು ರೇಗಿದೆ. “ನಾನು ಇಷ್ಟು ದೂರ ಡ್ರೈವ್ ಮಾಡ್ಕೊಂಡು ಬರೋದು ನಿನ್ನ ಆಟ ನೋಡೋಕಮ್ಮ.”

ಅಷ್ಟರಲ್ಲಿ ಮೆಕಿನ್ನಿ ಹುಡುಗಿಯ ಅಪ್ಪ ಬಂದು ಭುಜ ತಟ್ಟಿದರು. ಹುಬ್ಬಳ್ಳಿಯವರು. ಅವರ ಕೈಯಲ್ಲಿ ಎಂದಿನಂತೆ ಚಹಾದ ದೊಡ್ಡ ಫ್ಲಾಸ್ಕು.

“ಬರ್ರಿ ಸರ, ಹಚ್ಚಿದ ಅವಲಕ್ಕಿ ಗಾಡ್ಯಾಗ ಐತಿ. ಇವರ ಮ್ಯಾಚ್ ಮುಗಿಯೂದ್ರಾಗ ಬಂದ್‌ಬಿಡೂಣು.”

ನನ್ನ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು. ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು: “ಅಪ್ಪಾ, ಡಲ್ಲಾಸಲ್ಲಿ ನಮ್ಮ ಫೈನಲ್ ಆಗ್ತಿದ್ದಾಗ ನೀನೆಲ್ಲಿದ್ದೆ?”

ಎಲ್ಲಿದ್ದೆ ಎಂಬುದು ಅವಳಿಗೂ ಗೊತ್ತಿತ್ತು, ಹುಬ್ಬಳ್ಳಿಯವರಿಗೂ ಗೊತ್ತಿತ್ತು. ಪಾರ್ಕಿಂಗ್‌ನಲ್ಲಿ, ಅವರ ಕಾರಿನ ಹಿಂದೆ, ಶೇಂಗಾ ಆರಿಸಿ ತಿನ್ನುತ್ತಾ ಹರಟುತ್ತಿದ್ದೆ. ಆಸ್ಟಿನ್ನಿನ ನನ್ನ ಆಫೀಸಿನಲ್ಲಿ ವಾರವಿಡೀ ನನ್ನ ಜೊತೆ ಹಾಗೆ ಮಾತಾಡುವವರು ಒಬ್ಬರೂ ಇರಲಿಲ್ಲ.

ಮುಂದಿನ ಟೂರ್ನಮೆಂಟಿಗೆ ಮತ್ತೆ ಹಳೆಯ ಜೊತೆಗಾತಿಯೊಂದಿಗೇ ಡಬಲ್ಸ್‌ಗೆ ಹೆಸರು ಕೊಟ್ಟೆ. ಹುಡುಗಿಯರಿಬ್ಬರೂ ಎರಡನೇ ಸುತ್ತಿನಲ್ಲಿ ಸೋತರಂತೆ, ಬಿದ್ದು ಬಿದ್ದು ನಕ್ಕರಂತೆ. ನಾನು ನೋಡಲಿಲ್ಲ. ಹೊರಗೆ ಹುಬ್ಬಳ್ಳಿಯವರು ಬಗ್ಗಿಸಿಟ್ಟ ಚಹಾ ಆರುತ್ತಿತ್ತು.