ಕಾಕಾ ಕೊಡದ ಗುಳಿಗೆ

ಒಂದು ಚಷ್ಮಾ ಮೂಗಿನ ಮೇಲೆ, ಇನ್ನೊಂದು ಹಣೆಯ ಮೇಲೆ. ಮೂಗಿನದು ಚೀಟಿ ಓದಲು, ಹಣೆಯದು ಗಿರಾಕಿಯ ಮುಖ ಓದಲು ಎಂದು ನಾವು ಛೇಡಿಸುತ್ತಿದ್ದೆವು. ಮುಂಬಯಿಯ ಕಾಂದಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ಮೆಡಿಕಲ್ ಅಂಗಡಿ ಇಟ್ಟುಕೊಂಡಿದ್ದ ವಿಜಯಪುರದ ಆ ಮನುಷ್ಯ ಇಡೀ ಕಾಲೊನಿಗೆ ಕಾಕಾ.

ಬೇರೆ ಅಂಗಡಿಗೆ ಹಳೆಯ ಚೀಟಿಯ ಫೋಟೊ ಕಳಿಸಿದರೂ ಆಂಟಿಬಯೋಟಿಕ್ ಮನೆಬಾಗಿಲಿಗೆ ಬರುತ್ತದೆ. ಕಾಕಾ ಮಾತ್ರ ಡಾಕ್ಟರು ಬರೆದುಕೊಟ್ಟಿದ್ದರೂ ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ. "ಯಾರಿಗೆ? ವಯಸ್ಸೆಷ್ಟು? ಬ್ಯಾರೆ ಏನೇನ್ ಗುಳಗಿ ನಡದಾವು?" ಹಿಂದೆ ನಿಂತವರು ಗೊಣಗಿದರೆ ಹಿಂದಿಯಲ್ಲೇ ಬೈದು ಸುಮ್ಮನಾಗಿಸುತ್ತಿದ್ದರು. ನನಗಂತೂ ಅಲ್ಲಿ ನಿಂತರೆ ಮೈಯೆಲ್ಲ ಚಡಪಡಿಸುತ್ತಿತ್ತು.

ಮೂರು ವರ್ಷದ ಹಿಂದೆ ಅವ್ವನಿಗೆ ಜ್ವರ, ಕೆಮ್ಮು. ಸಂಜೆ ಹೊಸ ಡಾಕ್ಟರಲ್ಲಿಗೆ ಕರೆದೊಯ್ದಿದ್ದೆ. ಅಜಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಬರೆದಿದ್ದರು. ಮರುದಿನ ಬೆಳಿಗ್ಗೆ ಚೀಟಿ ಚಾಚಿದರೆ ಕಾಕಾ ತಲೆ ಅಲ್ಲಾಡಿಸಿದರು.

"ಅವ್ವಾರು ಎದಿ ಬಡಿತಕ್ಕ ಗುಳಗಿ ತಗೋತಾರಲ್ಲ, ಅದರ ಜೋಡಿ ಇದು ಬ್ಯಾಡ ತಮ್ಮಾ. ಬಡಿತ ಏರುಪೇರಾದ್ರ ಜೀವಕ್ಕ ಕುತ್ತು. ಡಾಕ್ಟರಿಗೆ ಫೋನ್ ಹಚ್ತೀನಿ, ಹತ್ತು ಮಿನಿಟ್ ನಿಲ್ಲು."

"ನೀವೇನ್ ಡಾಕ್ಟರಾ ಕಾಕಾ? ನನ್ನ ಲೋಕಲ್ ತಪ್ತದ!"

ಚೀಟಿ ಕಿತ್ತುಕೊಂಡು ಎದುರಿನ ಅಂಗಡಿಯಲ್ಲಿ ಗುಳಿಗೆ ತಂದು, ಅವ್ವನ ಕೈಗಿಟ್ಟು ಸ್ಟೇಷನ್ನಿಗೆ ಓಡಿದೆ. ಫೋರ್ಟಿನ ಆಫೀಸಿನಲ್ಲಿ ಅಂದು ಆಡಿಟ್. ಗೋರೆಗಾಂವ್ ಬರುವಷ್ಟರಲ್ಲಿ ಫೋನು. ಕಾಕಾ! ಮಂಡಿನೋವಿನ ಮನುಷ್ಯ ಅಂಗಡಿ ಬಿಟ್ಟು ನಮ್ಮ ಮನೆಗೆ ಮೂರು ಮಹಡಿ ಹತ್ತಿದ್ದರು. "ಅವ್ವಾರು ಒಂದು ನುಂಗ್ಯಾರ. ದವಾಖಾನಿಗೆ ಕರಕೊಂಡು ಹೊಂಟೀನಿ. ನೀ ಇಳದು ಬಾ."

ಇಸಿಜಿಯಲ್ಲಿ ವ್ಯತ್ಯಾಸ ಕಂಡಿತು. ಎರಡು ದಿನ ಅವ್ವನನ್ನು ಮಾನಿಟರಿಗೆ ಹಚ್ಚಿ ಇಟ್ಟುಕೊಂಡರು. ಆ ಹಸಿರು ಗೆರೆ ನೋಡುತ್ತ ನಾನು ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡಿದೆ. ಕಾಕಾ ಬೈಯಲಿಲ್ಲ. "ಮಂದಿ ಎಷ್ಟೋ ತಗೋತಾರ, ಏನೂ ಆಗೂದಿಲ್ಲ. ಅವ್ವಾರ ಎದಿ ಮೊದಲೇ ನಾಜೂಕು, ಅಷ್ಟ" ಎಂದರು. ಆಮೇಲೆ ಕೇಳಿದರು: "ಡಾಕ್ಟರ್ ಕೇಳಲಿಲ್ಲೇನು, ಬ್ಯಾರೆ ಗುಳಗಿ ಏನಾವಂತ?"

"ಇಲ್ರಿ."

ಕೇಳಿದ್ದರು. ಎರಡು ಸಲ ಕೇಳಿದ್ದರು. ನಾನೇ ಫೋನಿನಲ್ಲಿ ಆಫೀಸಿನ ಮೆಸೇಜು ನೋಡುತ್ತ, "ಕುಛ್ ನಹೀ, ಬಸ್ ಬಿಪಿ ಕೀ ಗೋಲಿ" ಅಂದಿದ್ದೆ. ಬಿಪಿ ಗುಳಿಗೆ ಬಿಟ್ಟು ಬೇರೇನಿಲ್ಲ ಎಂದು.

ಅವ್ವ ಮನೆಗೆ ಬಂದ ಮರುದಿನವೇ ಕಾಕಾ ಕ್ಲಿನಿಕ್ಕಿಗೆ ಹೋಗಿ ಆ ಹುಡುಗ ಡಾಕ್ಟರನ್ನು ಪೇಷಂಟುಗಳೆದುರೇ ತರಾಟೆಗೆ ತೆಗೆದುಕೊಂಡರಂತೆ. ಸುದ್ದಿ ಕೇಳಿ ನಾನು ಎಷ್ಟೋ ಸಲ ಅಂಗಡಿಯ ಮೆಟ್ಟಿಲ ತನಕ ಹೋದೆ. ಹೇಳಬೇಕೆಂದೇ ಹೋದೆ. ಪ್ರತಿ ಸಲ ಅವ್ವನ ಗುಳಿಗೆ ಕೊಂಡು ತಿರುಗಿ ಬಂದೆ. ನನ್ನಷ್ಟು ಹೇಡಿ ಇನ್ನೊಬ್ಬನಿಲ್ಲ.

ಹೋದ ತಿಂಗಳು ಕಾಕಾ ತೀರಿಕೊಂಡರು. ಕೊನೆಯ ದರ್ಶನಕ್ಕೆ ಅವ್ವ ಕೋಲು ಊರಿಕೊಂಡು ನನ್ನ ಜೊತೆ ಬಂದಳು. ಅಲ್ಲಿ ಆ ಡಾಕ್ಟರೂ ಇದ್ದರು. ಅವ್ವನ ಗುರುತು ಹಿಡಿದು ಹತ್ತಿರ ಬಂದರು. ಅಂದು ತಾನು ಕೇಳಲು ಮರೆತೆ, ಕಾಕಾ ಬೈದ ಮೇಲೆ ಒಬ್ಬರನ್ನೂ ಕೇಳದೆ ಬಿಟ್ಟಿಲ್ಲ, ಕ್ಷಮಿಸಿ ಎಂದು ಹಿಂದಿಯಲ್ಲಿ ಹೇಳಿ ಅವಳ ಕಾಲು ಮುಟ್ಟಿದರು.

"ಕುಛ್ ನಹೀ ಬೇಟಾ" ಎಂದು ಅವರ ಬೆನ್ನು ಸವರಿದ ಅವ್ವ ನನ್ನ ಮುಖ ನೋಡಿದಳು. ಆ ಸಂಜೆ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದವಳು ಅವಳೇ.